ನಾಟಕಕ್ಕೆ ಬೆನ್ನು ಮಾಡಿ ಕೂತವರು

ನಮ್ಮ ಶಾಲೆಯ ಮಕ್ಕಳನ್ನು ವರ್ಷವರ್ಷವೂ ನಾಟಕಕ್ಕೆ ಕರೆದುಕೊಂಡು ಹೋಗುತ್ತಿದ್ದ ಅಕ್ಕಾರು ತಾವು ಮಾತ್ರ ಯಾವ ನಾಟಕವನ್ನೂ ನೋಡುತ್ತಿರಲಿಲ್ಲ. ಮೊದಲ ಸಾಲಿನ ಮೂಲೆಯ ಕುರ್ಚಿ ಅವರದು. ಪರದೆ ಏಳುವವರೆಗೆ ನೆಟ್ಟಗೆ ಕೂತಿರುತ್ತಿದ್ದರು. ಪರದೆ ಎದ್ದದ್ದೇ ತಡ, ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲೇ ತಿರುಗಿ, ವೇದಿಕೆಗೆ ಬೆನ್ನು ಮಾಡಿ, ಮಕ್ಕಳ ಕಡೆ ಮುಖ ಹಾಕಿ ಕೂತುಬಿಡುತ್ತಿದ್ದರು.

ಅವರ ಜೊತೆ ಮೊದಲ ಸಲ ಹೋದಾಗ ನಾನು ಮೆಲ್ಲಗೆ ಅವರ ತೋಳು ಮುಟ್ಟಿ ಹೇಳಿದ್ದೆ, "ಅಕ್ಕಾರ, ನಾಟಕ ಆ ಕಡೆ ಐತ್ರಿ."

"ಗೊತ್ತೈತಿ ತಂಗಿ. ಆ ಕಡೆ ಒಂದ ನಡದೈತಿ. ಈ ಕಡೆ ನೋಡು, ಎಷ್ಟ ನಡದಾವು!"

ನೋಡಿದೆ. ಬೆಳಕು ಮಕ್ಕಳ ಮುಖದ ಮೇಲೆ ಬಿದ್ದಿತ್ತು. ಒಬ್ಬಳು ತನಗೆ ಗೊತ್ತಿಲ್ಲದೆಯೇ ನಟಿಯ ಹಾಗೆ ತುಟಿ ಆಡಿಸುತ್ತಿದ್ದಳು. ತರಗತಿಯಲ್ಲಿ ಯಾರಿಗೂ ಬಗ್ಗದ ಒಬ್ಬ ದಾಂಡಿಗ ಹುಡುಗ ಕಣ್ಣು ಒರೆಸಿಕೊಂಡು, ಯಾರಾದರೂ ಕಂಡರೇನೋ ಎಂದು ಆಚೀಚೆ ನೋಡುತ್ತಿದ್ದ. ಅಕ್ಕಾರು ಕಂಡಿದ್ದರು. ಮರುದಿನ ಅವನಿಗೆ ಏನೂ ಹೇಳಲಿಲ್ಲ. ಅವತ್ತಿನಿಂದ ಅವನನ್ನು ಗದರಿಸುವುದನ್ನು ಬಿಟ್ಟರು, ಅಷ್ಟೇ.

ಅಕ್ಕಾರು ತೀರಿಕೊಂಡ ಸುದ್ದಿ ಫೋನಿಗೆ ಬಂದಾಗ ನಾನು ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದೆ. ತುಳಿಯುತ್ತಿದ್ದ ಕಾಲು ತಾನಾಗಿ ನಿಂತಿತು. ಅತ್ತುಬಿಟ್ಟೆ. ಅವರಿಗಾಗಿ ಅತ್ತದ್ದೆಷ್ಟು, ಅವರು ನನಗೆ ಮಾಡಿದ್ದನ್ನು ನೆನೆದು ಅತ್ತದ್ದೆಷ್ಟು ಎಂದು ಇವತ್ತಿಗೂ ಬೇರೆ ಮಾಡಿ ಹೇಳಲು ಬರುವುದಿಲ್ಲ. ಆಮೇಲೆ ಗೊತ್ತಾದ ಇನ್ನೊಂದು ಸಂಗತಿ ಆಗ ನನಗೆ ಗೊತ್ತೂ ಇರಲಿಲ್ಲ.

ಅಕ್ಕಾರು ಕನ್ನಡ ಕಲಿಸುತ್ತಿದ್ದರು. ಹುಬ್ಬಳ್ಳಿಯ ಹತ್ತಿ ವ್ಯಾಪಾರದ ಮನೆತನದವರು. ನಾನು ಹೊಲಿಗೆ ಟೀಚರ್. ನಮ್ಮಂಥ ಶಾಲೆಗಳಲ್ಲಿ ಹೊಲಿಗೆ ಟೀಚರೆಂದರೆ ಯಾರಿಗೆ ಯಾವ ಕೆಲಸ ಬೇಡವೋ ಅದೆಲ್ಲ ನಮ್ಮದು. ಸ್ಟಾಫ್ ರೂಮಿನಲ್ಲಿ ಕುರ್ಚಿ ಕಡಿಮೆ ಬಿದ್ದರೆ ಎದ್ದು ನಿಲ್ಲುವವರೂ ನಾವೇ. ಹಾಗೆ ಎದ್ದು ನಿಂತ ಒಂದು ದಿನ ಅಕ್ಕಾರು ಕೈ ಹಿಡಿದು ಕೂಡಿಸಿಕೊಂಡು, "ನಾಳೆ ನನ್ನ ಕೂಡ ನಾಟಕಕ್ಕ ಬರ್ತಿ?" ಎಂದು ಕೇಳಿದ್ದರು. ಅಲ್ಲಿಂದ ಮುಂದೆ ಪ್ರತಿ ನಾಟಕಕ್ಕೂ ಅವರ ಜೊತೆ ನಾನೇ.

ನಾಟಕದ ಹಿಂದಿನ ದಿನ ಅವರು ತರಗತಿಯಲ್ಲಿ ಅದರ ಕಥೆ ಹೇಳುತ್ತಿದ್ದರು. ಸರಿಯಾಗಿ ಅರ್ಧಕ್ಕೆ ಬಂದು ಪುಸ್ತಕ ಮುಚ್ಚಿಬಿಡುತ್ತಿದ್ದರು.

"ಮುಂದೇನಾತ್ರಿ ಅಕ್ಕಾರ?"

"ಮುಂದೇನಾತು ಅಂದ್ರ, ನಾಳೆ ಬಸ್ ಹತ್ತು."

ತಿನಿಸಿನ ವಿಷಯದಲ್ಲೂ ಅವರದೊಂದು ನಿಯಮವಿತ್ತು. ಸಪ್ಪಳ ಮಾಡುವ ಯಾವುದನ್ನೂ ಹಾಲಿನೊಳಗೆ ತರುವಂತಿಲ್ಲ. ಬಾಳೆಹಣ್ಣು ನಡೆಯುತ್ತದೆ, ಶೇಂಗಾ ಉಂಡಿ ನಡೆಯುತ್ತದೆ, ಅದೂ ಬಟ್ಟೆಯಲ್ಲಿ ಕಟ್ಟಿದ್ದರೆ ಮಾತ್ರ. ಒಮ್ಮೆ ಒಬ್ಬ ಹುಡುಗ ಅಂಗಿಯೊಳಗೆ ಚುರುಮುರಿ ಪೊಟ್ಟಣ ಅಡಗಿಸಿ ತಂದಿದ್ದ. ವೇದಿಕೆಯ ಮೇಲೆ ರಾಜನ ಪ್ರಾಣ ಹೋಗುವ ಹೊತ್ತಿಗೆ ಕರಕರ ಶುರುವಾಯಿತು. ಅಕ್ಕಾರು ಬಾಗಿ ಅವನ ಕಿವಿಯಲ್ಲಿ, "ಅಲ್ಲೊಬ್ಬಾವ ಸಾಯಾಕತ್ತಾನ, ನೀ ಇಲ್ಲೆ ಚುರುಮುರಿ ತಿನ್ನಾಕತ್ತಿ. ಆ ಮನಷ್ಯಾಗ ಏನ ಅನಸಬೇಕೋ?" ಎಂದರು. ಹುಡುಗ ಬಾಯಿ ತುಂಬ ಚುರುಮುರಿ ಇಟ್ಟುಕೊಂಡು, ಅಗಿಯದೆ, ನುಂಗದೆ, ರಾಜ ಪೂರ್ತಿ ಸಾಯುವವರೆಗೆ ಹಾಗೇ ಕೂತಿದ್ದ.

ಮರುದಿನದ ತರಗತಿ ಇನ್ನೂ ಚೆಂದ. "ಏನ ಕಂಡ್ರಿ?" ಎಂದು ಕೇಳುತ್ತಿದ್ದರು. ಯಾರಾದರೂ ಎದ್ದು, ನಾವು ಯಾವಾಗಲೂ ಸತ್ಯ ಹೇಳಬೇಕು, ಹಿರಿಯರಿಗೆ ಗೌರವ ಕೊಡಬೇಕು ಎಂದು ಶುರುಮಾಡಿದರೆ ಕೈ ಅಡ್ಡ ಹಿಡಿಯುತ್ತಿದ್ದರು. "ಅದನ್ನ ಪರೀಕ್ಷಾದಾಗ ಬರಿ. ನನಗ ನೀತಿ ಬ್ಯಾಡ. ಕಂಡದ್ದ ಹೇಳು." ಒಬ್ಬ ಎದ್ದು ಹೆದರುತ್ತ ಹೆದರುತ್ತ, "ಋಷಿದು ಗಡ್ಡ ಕಳಚಿ ಬಿತ್ರಿ. ಆಂವ ಅದನ್ನ ಕಾಲಾಗ ಒತ್ತಿ ಹಿಡದು ಶಾಪಾ ಕೊಟ್ಟಾ" ಎಂದ. ಇಡೀ ತರಗತಿ ಹೋ ಎಂದಿತು. ಅಕ್ಕಾರು ಮಾತ್ರ ನಗಲಿಲ್ಲ. "ಖರೇ ನಾಟಕ ನೋಡಿದಾಂವ ಇಂವ ಒಬ್ಬನ. ಚಪ್ಪಾಳಿ ಹೊಡೀರಿ" ಎಂದರು.

ಮಕ್ಕಳನ್ನು ಕಳಿಸಲೊಪ್ಪದ ಮನೆಗಳಿಗೆ ತಾವೇ ಹೋಗುತ್ತಿದ್ದರು. ಎಂಟನೆಯ ತರಗತಿಯ ಶಿವಲೀಲಾಳ ಮನೆ ಹತ್ತಿರದ ಸುಳ್ಳ ಎಂಬ ಹಳ್ಳಿಯಲ್ಲಿ. ಅವಳ ತಂದೆ ಕಟ್ಟೆಯ ಮೇಲೆ ಕೂತವರು ನಮ್ಮನ್ನು ಕಂಡು ಎದ್ದು, ಕಂಬಳಿ ಹಾಸಿ, ನೀರು ಕೊಡಿಸಿ, ಆಮೇಲೆ ಆಗುವುದಿಲ್ಲ ಎಂದರು.

"ನಾಟಕಾ ಪಾಟಕಾ ನೋಡಿದ್ರ ಹುಡುಗ್ಯಾರು ಕೆಡತಾರ್ರಿ ಅಕ್ಕಾರ."

"ನೀವು ದೊಡ್ಡಾಟ ನೋಡಿಲ್ಲೇನ್ರಿ?"

"ಅಯ್ಯ, ಭಾಳ ನೋಡೇನ್ರಿ."

"ಕೆಟ್ಟೀರೇನು?"

ಅವರು ಮೀಸೆ ತೀಡಿಕೊಂಡರು. "ಒಂದೀಟ ಕೆಟ್ಟಿರಬೇಕ ನೋಡ್ರಿ."

ಒಳಗಿಂದ ಅವರ ಹೆಂಡತಿಯ ದನಿ ಬಂತು. "ಒಂದೀಟಲ್ರಿ ಅಕ್ಕಾರ, ಪೂರಾ ಕೆಟ್ಟಾರ! ಹುಡುಗೀನ ಕರಕೊಂಡ ಹೋಗ್ರಿ ನೀವು."

ಶಿವಲೀಲಾ ಹಾಗೆ ಬಂದವಳು. ಅವಳ ಜೋಡಿ ರೇಷ್ಮಾ. ಗೋಕುಲ ರಸ್ತೆಯಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದ ಮೆಕ್ಯಾನಿಕ್ ಒಬ್ಬರ ಮಗಳು.

ಜೋಡಿ ಎಂದೆ. ಅದು ಅಕ್ಕಾರ ಪದ್ಧತಿ. ನಾಟಕಕ್ಕೆ ಹೊರಡುವ ಮೊದಲು ಪ್ರತಿ ಮಗುವಿಗೂ ಒಂದು ಜೋಡಿ ಕಟ್ಟುತ್ತಿದ್ದರು. ಹೋಗುವಾಗ ಒಟ್ಟಿಗೆ ಹೋಗಬೇಕು, ಒಟ್ಟಿಗೆ ಕೂರಬೇಕು. ತಿರುಗಿ ಬಸ್ ಹತ್ತಿದ ಮೇಲೆ ಒಬ್ಬೊಬ್ಬರೂ ತಮ್ಮ ಜೋಡಿಯ ಹೆಸರು ಹಿಡಿದು ಕೂಗಬೇಕು, ಆ ಜೋಡಿ "ಇಲ್ಲೆ ಅದೇನಿ" ಎನ್ನಬೇಕು. ಬಸ್ಸಿನ ತುಂಬ ಹೆಸರುಗಳು ಹಾರಾಡುತ್ತಿದ್ದವು. ಕೇಳಲು ಹಬ್ಬದ ಹಾಗಿರುತ್ತಿತ್ತು. ನನಗೆ ಮಾತ್ರ ಸಮಾಧಾನವಿಲ್ಲ. ಮೊದಲ ವರ್ಷವೇ ನಾನು ಬಸ್ಸಿನ ಬಾಗಿಲಲ್ಲಿ ನಿಂತು ಬೆರಳು ಮಾಡಿ ತಲೆ ಎಣಿಸತೊಡಗಿದಾಗ ಅಕ್ಕಾರು ನನ್ನ ಬೆರಳನ್ನು ಹಿಡಿದು ಮಡಚಿದರು.

"ಎಣಸಬ್ಯಾಡ ತಂಗಿ. ನಮ್ಮಪ್ಪ ದಿನಾ ಹತ್ತಿ ಅಂಡಿಗಿ ಎಣಸ್ತಿದ್ದ. ನಾ ಮಕ್ಕಳನ್ನ ಎಣಸೂದಿಲ್ಲ. ಅವಕ್ಕ ಹೆಸರ ಅದಾವು."

"ಆದ್ರೂ ಅಕ್ಕಾರ..."

"ಒಬ್ಬರು ತಪ್ಪಿದ್ರ ಇನ್ನೊಬ್ಬರು ಕೂಗ್ತಾರ. ನಿನ್ನ ಲೆಕ್ಕಕಿಂತ ಅವರ ಕೂಗು ಗಟ್ಟಿ."

ಆಮೇಲೂ ಒಂದೆರಡು ಸಲ ಕದ್ದು ಎಣಿಸಲು ಹೋಗಿದ್ದೆ. ಪ್ರತಿ ಸಲವೂ ಅವರ ಕಣ್ಣಿಗೆ ಬಿದ್ದು, ಮಕ್ಕಳೆದುರಿಗೇ "ನಮ್ಮ ಹೊಲಿಗಿ ಟೀಚರ್ ಗುಂಡಿ ಎಣಸಾಕತ್ತಾರ ನೋಡ್ರಿ" ಎಂದು ನಗಿಸಿದರು. ನಾನು ಎಣಿಸುವುದನ್ನು ಬಿಟ್ಟೆ.

ಆ ದಿನದ ನಾಟಕ ಧಾರವಾಡದಲ್ಲಿತ್ತು. ಮಧ್ಯಾಹ್ನದ ಆಟ, ಬೇರೆ ಶಾಲೆಯ ಮಕ್ಕಳೂ ಬಂದಿದ್ದರು. ಹರೆಯದ ನಟನೊಬ್ಬ ಮುದುಕನ ಪಾತ್ರ ಮಾಡಿದ್ದ. ಮುಗಿದ ಮೇಲೆ ಸಂಘಟಕರು ಮೈಕಿನಲ್ಲಿ ಅಕ್ಕಾರ ಹೆಸರು ಕರೆದರು. ಇಷ್ಟು ವರ್ಷ ಮಕ್ಕಳನ್ನು ರಂಗಮಂದಿರಕ್ಕೆ ಕರೆತಂದವರು ಎಂದು ವೇದಿಕೆಗೆ ಕರೆದು ಹಾರ ಹಾಕಿದರು. ವೇದಿಕೆಗೆ ಬೆನ್ನು ಮಾಡಿಯೇ ಕಾಲ ಕಳೆದವರು ಅವತ್ತು ಅದರ ಮೇಲೆ ನಿಂತು, ದೀಪದ ಬೆಳಕಿಗೆ ಕಣ್ಣು ಕಿರಿದು ಮಾಡಿ ನಗುತ್ತಿದ್ದರು. ಅಷ್ಟು ಖುಷಿಯಲ್ಲಿ ನಾನು ಅವರನ್ನು ಕಂಡಿರಲಿಲ್ಲ. ಹಾರ ಕೈಯಲ್ಲಿ ಹಿಡಿದೇ ಬಸ್ ಹತ್ತಿದರು. ಮಕ್ಕಳು ಸೀಟಿನ ಮೇಲೆ ನಿಂತು ಚಪ್ಪಾಳೆ ಹೊಡೆದರು. ಜೋಡಿಗಳು ಹೆಸರು ಕೂಗಿದವು. ಪ್ರತಿ ಕೂಗಿಗೂ ಉತ್ತರ ಬಂತು. ಉಣಕಲ್ ಕೆರೆ ದಾಟುವಾಗ ಮಕ್ಕಳು ಇನ್ನೂ ಮುದುಕನ ಹಾಗೆ ಕೆಮ್ಮುತ್ತ ಒಬ್ಬರನ್ನೊಬ್ಬರು ಅಣಕಿಸುತ್ತಿದ್ದರು.

ಶಾಲೆಯ ಗೇಟಿನಲ್ಲಿ ಶಿವಲೀಲಾಳ ತಂದೆ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಇಳಿದರು. ಅವರು ಪ್ರತಿ ಮುಖವನ್ನೂ ನೋಡಿದರು. ಕೊನೆಯ ಮಗುವೂ ಇಳಿದ ಮೇಲೆ ಬಸ್ಸಿನೊಳಗೆ ಇಣುಕಿದರು. ಖಾಲಿ ಸೀಟು.

"ಟೀಚರ, ನಮ್ಮಾಕಿ ಎಲ್ಲೆದಾಳ್ರಿ?"

ಕೂಗಿ ಹೇಳಬೇಕಾದ ರೇಷ್ಮಾಳೂ ಇರಲಿಲ್ಲ. ಇಬ್ಬರೂ ಒಟ್ಟಿಗೆ ಉಳಿದರೆ ಕೂಗುವವರು ಯಾರು? ಅಕ್ಕಾರ ಪದ್ಧತಿಯಲ್ಲಿ ಅದೊಂದಕ್ಕೆ ಉತ್ತರವಿರಲಿಲ್ಲ.

ನಾನು ಮತ್ತೆ ಬಸ್ ಹತ್ತಿ ಸೀಟುಗಳ ಸಂದಿಯಲ್ಲೆಲ್ಲ ಹುಡುಕಿದೆ. ಆಗ ಅಕ್ಕಾರು, ಕೈಯಲ್ಲಿ ಇನ್ನೂ ಆ ಹಾರ ಹಿಡಿದುಕೊಂಡೇ, "ಬಣ್ಣದ ಮನ್ಯಾಗ ಇರ್ತಾರ. ಅಲ್ಲಿಗೆ ಫೋನ್ ಹಚ್ರಿ" ಎಂದರು. ಹಚ್ಚಿದೆವು. ಇದ್ದರು. ನಟರು ಬಣ್ಣ ಹಚ್ಚಿಕೊಳ್ಳುವ ಕೋಣೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದಾರೆ, ಗಾಬರಿಯಾಗಬೇಡಿ ಎಂದರು ಆ ಕಡೆಯವರು. ಮಕ್ಕಳ ಮನಸ್ಸು ಈಕೆಗೆ ಎಷ್ಟು ಚೆನ್ನಾಗಿ ಗೊತ್ತು ಎಂದು ಆ ಭಯದಲ್ಲೂ ನನಗೆ ಆಶ್ಚರ್ಯವಾಯಿತು.

ಸುದ್ದಿ ತಿಳಿದು ರೇಷ್ಮಾಳ ತಂದೆ ಗ್ಯಾರೇಜಿನ ವ್ಯಾನ್ ತಂದರು. ನಾನು, ಶಿವಲೀಲಾಳ ತಂದೆ, ಅವರು ಮೂವರೂ ಧಾರವಾಡಕ್ಕೆ ಹೋದೆವು. ಹುಡುಗಿಯರು ಹೊರಬಂದಾಗ ಇಬ್ಬರಿಗೂ ಕಪ್ಪು ಮೀಸೆ ಬರೆದಿತ್ತು, ಹಣೆಯ ಮೇಲೆ ಮುದುಕರ ಗೆರೆಗಳಿದ್ದವು. ರೇಷ್ಮಾಳ ತಂದೆಗೆ ಒಂದು ಕ್ಷಣ ನಗು ಬಂತು. ಮರುಕ್ಷಣ ಮುಖ ಮುಚ್ಚಿಕೊಂಡು ವ್ಯಾನಿಗೆ ಆತು ನಿಂತುಬಿಟ್ಟರು.

ಮರುದಿನ ಹೆಡ್‌ಮಾಸ್ತರರ ಕೋಣೆಯಲ್ಲಿ ಮೀಟಿಂಗು. ಆಡಳಿತ ಮಂಡಳಿಯ ಚೇರ್ಮನ್ನರು ಬಂದಿದ್ದರು. ಇಬ್ಬರು ತಂದೆಯರು, ಅಕ್ಕಾರು, ನಾನು. ಹುಡುಗಿಯರನ್ನು ಮೊದಲು ಕರೆದು ಕೇಳಿದರು. ಬಣ್ಣದ ಮನೆಗೆ ನಾವೇ ಹೋಗಿದ್ದೆವು ಎಂದು ನೆಲ ನೋಡುತ್ತ ಹೇಳಿ ಹೋದರು.

"ಎಣಸದ ಹೆಂಗ ಬಸ್ ಬಿಟ್ರಿ?" ಎಂದರು ಚೇರ್ಮನ್ನರು. "ಎಣಸೂದು ಯಾರ ಕೆಲಸ?"

ನನಗೆ ಹೆದರಿಕೆ ಇರಲಿಲ್ಲ. ಎಣಿಸಬೇಡ ಎಂದವರು ಪಕ್ಕದಲ್ಲೇ ಕೂತಿದ್ದರು. ಬಸ್ಸಿನ ಮಕ್ಕಳಿಗೆಲ್ಲ ಗೊತ್ತಿದ್ದ ಪದ್ಧತಿ ಅದು. ನಾನು ಅವರ ಕಡೆ ನೋಡಿದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಹೇಳಿದರು, "ಬಸ್ಸಿಂದು ಹೊಲಿಗಿ ಟೀಚರಿಗೆ ಬಿಟ್ಟಿದ್ದೆ ರಿ."

ತಂಗಿ ಎನ್ನಲಿಲ್ಲ. ಇಷ್ಟು ವರ್ಷಗಳಲ್ಲಿ ಮಕ್ಕಳನ್ನು ನಗಿಸಲಿಕ್ಕಲ್ಲದೆ ನನ್ನನ್ನು ಹೊಲಿಗೆ ಟೀಚರ್ ಎಂದು ಕರೆದದ್ದು ಅದೊಂದೇ ಸಲ. ಮುಂದಿನ ಮಾತು ಬರುತ್ತದೆ ಎಂದು ಕಾದೆ. 'ಆದರ ಎಣಸಬ್ಯಾಡ ಅಂದಾಕಿ ನಾನ' ಎಂಬ ಮಾತು. ಅದು ಬರಲಿಲ್ಲ. ಚೇರ್ಮನ್ನರು "ಹೌದೇನ್ರೀ?" ಎಂದು ನನ್ನನ್ನು ಕೇಳಿದರು. ನಾನು ಇನ್ನೂ ಅಕ್ಕಾರ ಮುಖವನ್ನೇ ನೋಡುತ್ತಿದ್ದೆ. ಚೇರ್ಮನ್ನರು ಅದನ್ನೇ ಉತ್ತರವೆಂದು ತಿಳಿದರು.

ನನಗೆ ನೋಟೀಸು ಬಂತು. ಇನ್ನು ಮುಂದೆ ಮಕ್ಕಳನ್ನು ಶಾಲೆಯ ಹೊರಗೆ ಕರೆದೊಯ್ಯುವಂತಿಲ್ಲ ಎಂದಿತ್ತು ಅದರಲ್ಲಿ. ಆ ವರ್ಷದಿಂದ ನಾಟಕವೂ ನಿಂತಿತು. ಆದರೆ ನನಗೆ ಹತ್ತಿದ ಹೆಸರು ನಿಲ್ಲಲಿಲ್ಲ. ಸಂತೆಯಲ್ಲಿ, ಬಸ್‌ಸ್ಟಾಪಿನಲ್ಲಿ, ಪಾಲಕರ ಸಭೆಯಲ್ಲಿ, "ಮಕ್ಕಳನ್ನ ಮರತ ಬಂದ ಟೀಚರ್ ಇವರ ನೋಡ್ರಿ." ನನ್ನ ಹತ್ತಿರ ಮಗಳಿಗೆ ಹೊಲಿಗೆ ಕಲಿಸಬೇಕೆಂದು ಬಂದ ತಾಯಿಯೊಬ್ಬಳು ನಗುತ್ತಲೇ, "ಸಂಜಿಗೆ ಹೊಳ್ಳಿ ಕಳಸ್ತೀರಲ್ರಿ?" ಎಂದು ಕೇಳಿದ್ದುಂಟು. ಆಕೆಗೆ ಅದು ಬರೀ ಚೇಷ್ಟೆ.

ಅಕ್ಕಾರು ನಿವೃತ್ತರಾದ ದಿನ ಶಾಲು ಹೊದಿಸಿದರು. ಭಾಷಣ ಮಾಡಿದವರು ಅವರ ನಾಟಕದ ಪ್ರೀತಿಯನ್ನು ಬಾಯಿತುಂಬ ಹೊಗಳಿ, "ಯಾರದೋ ಸಣ್ಣ ಅಜಾಗರೂಕತೆಯಿಂದ ಒಂದು ದೊಡ್ಡ ಪರಂಪರೆ ನಿಂತುಹೋಯಿತು" ಎಂದರು. ಸಭೆಯ ಕಣ್ಣು ನನ್ನ ಕಡೆ ಹೊರಳಿದವು. ಅಕ್ಕಾರು ಶಾಲಿನ ಅಂಚನ್ನು ನೇವರಿಸುತ್ತ ಕೂತಿದ್ದರು. ಆಗಲೂ ಒಂದು ಮಾತು ಹೇಳಬಹುದಿತ್ತು.

ಇಷ್ಟಾದರೂ ಅವರು ನನ್ನನ್ನು ಬಿಟ್ಟವರಲ್ಲ. ಸಂಕ್ರಾಂತಿಗೆ ಎಳ್ಳು ಬೆಲ್ಲ, ಯುಗಾದಿಗೆ ಹೋಳಿಗೆ ಕಳಿಸುತ್ತಿದ್ದರು. ನನ್ನ ತಾಯಿ ತೀರಿಕೊಂಡಾಗ ಬಂದು, ಅಡುಗೆಮನೆಗೆ ಹೋಗಿ, ತಾವೇ ಅನ್ನಕ್ಕಿಟ್ಟು, ನನಗೆ ಕಲಸಿ ಕೊಟ್ಟರು. ಆ ಕೈ ಅಷ್ಟು ಮೆತ್ತಗಿತ್ತು. ಅವರನ್ನು ಪೂರ್ತಿ ದ್ವೇಷಿಸಲು ಆಗದೆ ಹೋದದ್ದು ಆ ಕೈಯಿಂದಾಗಿ. ಒಮ್ಮೊಮ್ಮೆ ಅದಕ್ಕೂ ಅವರ ಮೇಲೆ ಸಿಟ್ಟು ಬರುತ್ತಿತ್ತು.

ಕಾಯಿಲೆ ಬಿದ್ದ ಮೇಲೆ ನಾನೇ ಹೋಗಿ ಬರುತ್ತಿದ್ದೆ. ಬಿದ್ದ ಗಡ್ಡದ ಮಾತು, ಚುರುಮುರಿಯ ಮಾತು ಎಲ್ಲ ಆಗುತ್ತಿತ್ತು. ಆ ಒಂದು ದಿನದ ಮಾತು ಮಾತ್ರ ಬರುತ್ತಿರಲಿಲ್ಲ. ಕೊನೆಯ ಸಲ ನಾನೇ ಕೇಳಿದೆ.

"ಅಕ್ಕಾರ, ಅವತ್ತ ಮೀಟಿಂಗಿನ್ಯಾಗ ಯಾಕ ಹಂಗ ಅಂದ್ರಿ?"

ಅವರು ನನ್ನ ಕೈ ಹಿಡಿದರು. "ನಾ ಬ್ಯಾಡ ಅಂದ್ರೂ ನೀ ಎಣಸಬೇಕಾಗಿತ್ತ ತಂಗಿ" ಎಂದರು.

ಕೈ ಬಿಡಿಸಿಕೊಂಡು ಬಂದೆ. ಬಸ್ಸಿನಲ್ಲಿ ಕೂತಾಗ, ಹೌದೇನೋ, ಎಣಿಸಬೇಕಿತ್ತೇನೋ ಎಂದು ನನಗೂ ಅನ್ನಿಸತೊಡಗಿತು. ಅಷ್ಟು ನಂಬಿದ್ದೆ ಅವರ ಮಾತನ್ನು. ಅವರು ತೀರಿಕೊಳ್ಳುವವರೆಗೂ ಆ ಗುಂಗಿನಲ್ಲೇ ಇದ್ದೆ.

ಶಾಲೆಯಲ್ಲಿ ಸಂತಾಪ ಸಭೆ ಇಟ್ಟಿದ್ದರು. ಎದುರಿಗೆ ಅಕ್ಕಾರ ಫೋಟೋ, ಅದಕ್ಕೆ ಮಲ್ಲಿಗೆ ಹಾರ. ಹಳೆಯ ವಿದ್ಯಾರ್ಥಿಗಳು ಬಂದಿದ್ದರು. ಮೊದಲ ಸಾಲಿನಲ್ಲಿ ನನ್ನ ಪಕ್ಕ ಬಂದು ಕೂತವಳನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. ರೇಷ್ಮಾ. ಈಗ ಗೋಕುಲ ರಸ್ತೆಯಲ್ಲೇ ಪಾರ್ಲರ್ ಇಟ್ಟಿದ್ದಾಳಂತೆ. ಮದುಮಕ್ಕಳಿಗೆ ಮೇಕಪ್ ಮಾಡುತ್ತಾಳಂತೆ.

"ಅವತ್ತ ಆ ಬಣ್ಣದ ಮನಿ ನೋಡಿದ್ದಕ್ಕ ಇವತ್ತ ಈ ಕೆಲಸ ರಿ ಟೀಚರ್" ಎಂದಳು. "ಅಕ್ಕಾರು ಕಳಸಿರಲಿಲ್ಲಂದ್ರ ನಾ ಎಲ್ಲೆ ನೋಡ್ತಿದ್ದೆ?"

"ಯಾರು ಕಳಸಿದ್ರು?"

"ಅಕ್ಕಾರ ಕಳಸಿದ್ರಲ್ರಿ. ಹರೇದಾಂವ ಹೆಂಗ ಮುದಕ ಆದಾ ಅಂತ ನಾ ಇಂಟರ್ವಲ್ಲಿನ್ಯಾಗ ಒಂದ ಸವನ ಕೇಳಾಕತ್ತಿದ್ದೆ. 'ಮುಗದ ಮ್ಯಾಲ ಇಬ್ಬರೂ ಒಳಗ ಹೋಗಿ ನೋಡ್ರಿ, ನಾ ಕರೀತೇನಿ' ಅಂದ್ರು. ಆಮ್ಯಾಲ ಅವರನ್ನ ಸ್ಟೇಜಿನ ಮ್ಯಾಲ ಕರದ್ರು, ಹಾರ ಹಾಕಿದ್ರು. ಮರತ್ರು."

ಅವಳು ನನ್ನ ಮುಖ ನೋಡಿ ಗಾಬರಿಯಾದಳು.

"ನಿಮಗ ಗೊತ್ತಿತ್ತಲ್ರಿ ಟೀಚರ್? ಮೀಟಿಂಗಿಗೆ ಮೊದಲ ಅಕ್ಕಾರು ನಮ್ಮಿಬ್ಬರನ್ನ ಕರದು, 'ನಾ ಕಳಸಿದ್ದು ಅಂತ ಹೇಳಬ್ಯಾಡ್ರಿ, ನನ್ನ ಹೆಸರ ಬಂದ್ರ ನಾಟಕಾನ ನಿಂತ ಹೋಗ್ತೈತಿ. ಹೊಲಿಗಿ ಟೀಚರ್ ತಮ್ಮ ಮ್ಯಾಲ ಹಾಕ್ಕೋತೇನಿ ಅಂತ ಒಪ್ಪ್ಯಾರ' ಅಂದ್ರು. ಎಷ್ಟ ದೊಡ್ಡ ಮನಸ ಅಂತ ನಾನೂ ಶಿವಲೀಲಾನೂ ಇವತ್ತಿಗೂ ಅಂತೇವ್ರಿ ನಿಮಗ."

ಒಪ್ಪಿದ್ದೆನಂತೆ. ನನ್ನನ್ನು ಯಾರೂ ಕೇಳಿರಲಿಲ್ಲ.

ಕೇಳಿದ್ದರೆ ಒಪ್ಪುತ್ತಿದ್ದೆನೇನೋ. ನನ್ನನ್ನು ಕುರ್ಚಿಯ ಮೇಲೆ ಕೂಡಿಸಿದವರು ಅವರು. ನಾಟಕ ಉಳಿಯಲಿ ತಂಗಿ, ಈ ಸಲ ನಿನ್ನ ಹೆಸರು ಕೊಡು ಎಂದು ಒಮ್ಮೆ ಕೇಳಿದ್ದರೆ ಕೊಟ್ಟೇ ಬಿಡುತ್ತಿದ್ದೆನೇನೋ. ಕೇಳದೆ ತೆಗೆದುಕೊಂಡರು. ಮಕ್ಕಳ ಮುಖವನ್ನಲ್ಲದೆ ಬೇರೇನನ್ನೂ ನೋಡದವರಿಗೆ ಎರಡು ಮುಖ ಕಡಿಮೆಯಾದದ್ದು ಕಾಣಲಿಲ್ಲವೇ ಎಂದು ನಾನು ಒಮ್ಮೆಯಾದರೂ ಯೋಚಿಸಬೇಕಿತ್ತು. ಬಣ್ಣದ ಮನೆಯಲ್ಲಿರುತ್ತಾರೆ ಎಂದು ಕೇಳುವ ಮೊದಲೇ ಹೇಳಿದಾಗಲಾದರೂ ಹೊಳೆಯಬೇಕಿತ್ತು. ಎಲ್ಲಕ್ಕಿಂತ, ನೀ ಎಣಿಸಬೇಕಾಗಿತ್ತು ಎಂದ ಆ ಕೊನೆಯ ಮಾತು. ಸಾಯುವ ಹೊತ್ತಿಗೂ ನನ್ನ ಕೈ ಹಿಡಿದುಕೊಂಡು, ಅದೇ ಮೆತ್ತಗಿನ ಕೈಯಿಂದ, ತಮ್ಮ ತಪ್ಪನ್ನು ನನ್ನ ಮೇಲೇ ಇಟ್ಟು ಹೋದರು.

ಹೆಡ್‌ಮಾಸ್ತರರು ಮೈಕಿನಲ್ಲಿ, ಅಕ್ಕಾರ ಬಗ್ಗೆ ಮಾತಾಡುವವರು ಬರಬಹುದು ಎಂದರು. ರೇಷ್ಮಾ ನನ್ನ ಮೊಣಕೈ ಮುಟ್ಟಿದಳು. ಅವಳ ಕಣ್ಣು ತುಂಬಿದ್ದವು.

"ನಿಮಗ ಗೊತ್ತ ಇರಲಿಲ್ಲ. ಹೌದಲ್ರಿ?"

ಇರಲಿಲ್ಲ ಎಂದು ತಲೆಯಾಡಿಸಿದೆ.

"ನಾ ಹೋಗಿ ಹೇಳ್ಲೇನ್ರಿ ಟೀಚರ್? ಇವತ್ತ ಹೇಳಬಾರದೇನೋ. ಸತ್ತವರ ಫೋಟೋ ಮುಂದ..."

ಬೇಡ ಎನ್ನಲು ಬಾಯಿ ತೆರೆದೆ. ಇಷ್ಟು ವರ್ಷದ ರೂಢಿ ಅದು. ಆದರೆ ಬಾಯಿಗೆ ಬಂದದ್ದು ಬೇರೆ.

"ಕಂಡದ್ದ ಹೇಳು" ಎಂದೆ.

ಅವಳು ಎದ್ದು ಹೋದಳು. ಮೈಕ್ ತನಗೆ ತಗ್ಗಿಸಿಕೊಂಡು, ತನ್ನ ಹೆಸರು ಹೇಳಿ, ಎಂಟನೆಯ ತರಗತಿಯಲ್ಲಿದ್ದಾಗ ಎಂದು ಶುರುಮಾಡಿದಳು. ನಾನು ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲೇ ತಿರುಗಿ ಕೂತೆ. ಮೈಕ್ ಬಿಟ್ಟು ಕೆಳಗೆ ಬಂದು ಕೂತಿದ್ದ ಹೆಡ್‌ಮಾಸ್ತರರು ಮೊದಲು ಮುಗುಳುನಗುತ್ತಿದ್ದವರು ನಿಧಾನವಾಗಿ ನಗು ಮರೆತರು. ಚೇರ್ಮನ್ನರು ಕೆರೆಯುತ್ತಿದ್ದ ಕಿವಿಯನ್ನು ಹಾಗೇ ಹಿಡಿದುಕೊಂಡರು. ಮಗಳನ್ನು ಸಂಜೆಗೆ ತಿರುಗಿ ಕಳಿಸುತ್ತೀರಲ್ಲ ಎಂದು ಕೇಳಿದ್ದ ಆ ತಾಯಿಯೂ ಹಿಂದಿನ ಸಾಲಿನಲ್ಲಿದ್ದಳು. ಆಕೆಯ ಕೈ ಬಾಯಿಗೆ ಹೋಯಿತು. ನೆಲದ ಮೇಲೆ ಕೂತಿದ್ದ ಈಗಿನ ಎಂಟನೆಯ ತರಗತಿಯ ಮಕ್ಕಳು, ನಾಟಕವನ್ನೇ ನೋಡದ ಮಕ್ಕಳು, ಬಾಯಿ ತೆರೆದು ಕೇಳುತ್ತಿದ್ದರು. ಒಂದೊಂದೇ ಮುಖವನ್ನು ಕೊನೆಯವರೆಗೆ ನೋಡಿದೆ.

ಅಕ್ಕಾರ ಫೋಟೋ ನನ್ನ ಬೆನ್ನ ಹಿಂದಿತ್ತು. ತಿರುಗಿ ನೋಡಲಿಲ್ಲ.